ಚಂಪವ್ವ ಹಾಲಿಗೆ ನೀರು ಹಾಕಿದ್ದು

ಚಂಪವ್ವನ ಹಾಲಿಗೆ ನವಿಲಿನ ಗರಿ ಕಾಣಲಿಲ್ಲವಂತೆ ಎಂಬ ಸುದ್ದಿ ಕಟ್ಟೆಯಿಂದ ನನ್ನ ಅಂಗಡಿಗೆ ಬಂತು. ಅದರ ಬೆನ್ನಿಗೇ ಚಂಪವ್ವನೂ ಬಂದಳು. ಕಂಕುಳಲ್ಲಿ ದೀಪ, ಇನ್ನೊಂದು ಕೈಯಲ್ಲಿ ಹಾಲಿನ ಕ್ಯಾನು. ದೀಪವನ್ನು ನನ್ನ ಎದುರಿನ ಹಲಗೆಯ ಮೇಲೆ ಕುಕ್ಕಿ ಇಟ್ಟಳು.

"ನಿನ್ನ ದೀಪ ಸುಳ್ಳು ಹೇಳಾಕ ಹತ್ತೈತಿ ನೋಡ, ನೀಲಾ."

ನನ್ನ ಹೆಸರು ನೀಲಗಂಗಾ. ಊರಿನಲ್ಲಿ ದೀಪ ಮಾಡುವ, ಕೆಟ್ಟರೆ ರಿಪೇರಿ ಮಾಡುವ ಅಂಗಡಿ ನನ್ನದೊಂದೇ. ಅಪ್ಪ ನಡೆಸುತ್ತಿದ್ದುದನ್ನು ನಾನು ಮುಂದುವರಿಸಿದ್ದೇನೆ. ನಮ್ಮಲ್ಲಿ ದೀಪ ಉರಿಯುವುದು ಹಾಲಿನಿಂದ. ಗಾಜಿನ ಭರಣಿಗೆ ಹಾಲು ತುಂಬಿ, ಎರಡು ತಾಮ್ರದ ಪಟ್ಟಿ ಇಳಿಬಿಟ್ಟು, ಮೇಲೆ ಬಲ್ಬು ಸಿಕ್ಕಿಸಿದರೆ ಆಯಿತು. ಬೆಳಗಿನ ಹಾಲು ಹೊಟ್ಟೆಗೆ, ಸಂಜೆಯ ಹಾಲು ಬೆಳಕಿಗೆ. ಉರಿದು ಮುಗಿದ ಹಾಲು ಒಡೆದು ನೀರಾಗಿ ಯಾವ ರುಚಿಯೂ ಉಳಿಯದಂತಾಗುತ್ತದೆ. ಅದನ್ನು ಸುಣ್ಣಕ್ಕೆ ಕಲಸಿ ಗೋಡೆಗೆ ಬಳಿಯುತ್ತೇವೆ. ಇಷ್ಟು ಬಿಳಿಯ ಗೋಡೆಗಳನ್ನು ಬೇರೆ ಯಾವ ಊರಲ್ಲೂ ನೋಡಿಲ್ಲ ಎಂದು ಬಂದ ನೆಂಟರು ಹೇಳುತ್ತಾರೆ.

ಹಾಲು ಮಾರುವವರೆಲ್ಲ ಬಿಸಿಲು ಇಳಿಯುವ ಹೊತ್ತಿಗೆ ಬೆಳಕಿನ ಕಟ್ಟೆಗೆ ಬರಬೇಕು. ಅಲ್ಲೊಂದು ಕಿಟಕಿ ಇಲ್ಲದ ಕಲ್ಲಿನ ಕೋಣೆ. ಒಳಗಿನ ಗೋಡೆಯಲ್ಲಿ ಒಂದು ನವಿಲನ್ನು ಕೆತ್ತಿದ್ದಾರೆ. ತಂದ ಹಾಲನ್ನು ತಮ್ಮ ದೀಪಕ್ಕೆ ತುಂಬಿ ಹಚ್ಚಿದಾಗ ನವಿಲಿನ ಗರಿಗಳ ಗೆರೆ ಎಣಿಸುವಂತೆ ಕಂಡರೆ ಒಳ್ಳೆಯ ಹಾಲು. ನವಿಲಷ್ಟೇ ಕಂಡು ಗರಿ ಕಾಣದಿದ್ದರೆ ನೀರು ಬೆರೆಸಿದ್ದು. ಅಂಥ ಹಾಲನ್ನು ಹೊರಗಿನ ಕಲ್ಲುಬಾನಿಗೆ, ಬೀದಿ ದನಗಳ ಪಾಲಿಗೆ, ಸುರಿದುಬಿಡುತ್ತಾರೆ. ಮೇಲಿಂದ ಮೇಲೆ ಹಾಗಾದರೆ ಆ ಮನೆಗೆ ಕಟ್ಟೆ ಬಂದ್. ಆಮೇಲೆ ಅವರ ಹಾಲಷ್ಟೇ ಅಲ್ಲ, ಅವರ ಮಾತಿಗೂ ಬೆಲೆ ಇರುವುದಿಲ್ಲ. ಕಟ್ಟೆಯ ಹಿರಿಯರು ರಾಚಪ್ಪಜ್ಜ. ಅವರ ಹಸು ಮಲ್ಲಿಗಿಯ ಹಾಲು ಊರಲ್ಲೇ ಎಲ್ಲಕ್ಕಿಂತ ಪ್ರಖರ. ಅದು ಊರ ಬೀದಿಗಳಿಗೆಲ್ಲ ಬೆಳಕು ಕೊಡುವ ಗೋಪುರದ ದೀಪಕ್ಕೆ ಮೀಸಲು.

ನಾನು ಚಂಪವ್ವನ ದೀಪಕ್ಕೆ ನಮ್ಮ ಮನೆಯ ಹಾಲು ಹಾಕಿ ಹಚ್ಚಿದೆ. ಚೆನ್ನಾಗಿಯೇ ಉರಿಯಿತು.

"ದೀಪ ಸರಿ ಐತಿ, ಚಂಪಕ್ಕ."

"ಹಂಗಾರ ನನ್ನ ಹಾಲು ನೋಡು. ಬಾನಿಗೆ ಸುರಿದು ತಳದಾಗ ಉಳಿದದ್ದೈತಿ."

ದೀಪ ಪರೀಕ್ಷೆ ಮಾಡಲು ಅಪ್ಪ ಮಾಡಿದ, ಗಡಿಯಾರದಂಥ ಮುಳ್ಳಿರುವ ಒಂದು ಪೆಟ್ಟಿಗೆ ನನ್ನಲ್ಲಿದೆ. ಅದರ ಎರಡು ತಂತಿಗಳನ್ನು ಹಾಲಿಗೆ ಅದ್ದಿದರೆ, ಹಾಲಿನ ಕಸುವಿಗೆ ತಕ್ಕಷ್ಟು ಮುಳ್ಳು ಏಳುತ್ತದೆ. ಚಂಪವ್ವನ ಹಾಲಿಗೆ ಮುಳ್ಳು ಸೋಮಾರಿಯಂತೆ ಸ್ವಲ್ಪ ತಲೆ ಎತ್ತಿ ಅಲ್ಲೇ ನಿಂತಿತು. ನಾನು ತಂತಿ ಒರೆಸತೊಡಗಿದೆ. ಆದರೆ ಅವಳು ನನ್ನ ಮುಖ ಓದಿದಳು.

"ನೀನೂ ಹಂಗ ಅಂತಿಯೇನ?" ಅಂದಳು. ಸಿಟ್ಟಿನ ದನಿ ಆಗಿರಲಿಲ್ಲ ಅದು. ಅದಕ್ಕೇ ನನಗೆ ಕಸಿವಿಸಿಯಾಯಿತು. "ದನ ಕಾಯೋರ ಕುಲದಾಗ ಹುಟ್ಟಿದಾಕಿ ನಾನು. ಹಾಲಿಗೆ ನೀರು ಹಾಕಿದ ಕೈಯಿಂದ ದನದ ಮೈ ಮುಟ್ಟಬಾರದು ಅಂತಾರ ನಮ್ಮಾಗ. ನಾಳಿ ಹಾಲು ಹಿಂಡೋ ಹೊತ್ತಿಗೆ ಬಾ. ನಿನ್ನ ಪಾತ್ರಿ ತಗೊಂಡ ಬಾ. ನಿನ್ನ ಕಣ್ಣಿಲೆ ನೋಡು."

ಮರುದಿನ ಹೋದೆ. ಚಂಪವ್ವನ ಗಂಡ ಮಗ್ಗದ ಮನೆಯಲ್ಲಿ ದುಡಿಯುತ್ತಾನೆ. ಎಮ್ಮೆಗಳ ಕೆಲಸ ಪೂರ್ತಿ ಅವಳದೇ. ಹೋದ ವರ್ಷ ತವರಿಗೆ ಹೋದವಳು ಗುಡ್ಡದಾಚೆಯಿಂದ ಆ ಎರಡು ಎಮ್ಮೆಗಳನ್ನು ಹೊಡೆದುಕೊಂಡು ಬಂದಿದ್ದಳು. ಅವು ಕರು ಹಾಕಿ ಹಾಲು ಕೊಡತೊಡಗಿದ್ದು ಈಗಷ್ಟೇ. ನಮ್ಮ ಕಡೆಯ ಎಮ್ಮೆಗಳಂತೆ ಅವು ಕೆರೆಯಲ್ಲಿ ಬಿದ್ದುಕೊಂಡಿರುವುದಿಲ್ಲ. ಒಣ ಹುಲ್ಲು ತಿಂದು, ದಿನಕ್ಕೊಮ್ಮೆ ನೀರು ಕುಡಿದು, ಗುಡ್ಡದ ಬಂಡೆಗಳ ಹಾಗೆ ನಿಂತಿರುತ್ತವೆ. ನಾನು ಪಾತ್ರೆ ತೊಳೆದು, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ಒಣಗಿಸಿ ಅವಳ ಕೈಗೆ ಕೊಟ್ಟೆ. ಅವಳು ಹಿಂಡುವಾಗ ಹಾಲು ಪಾತ್ರೆಗೆ ಬೀಳುವ ಸದ್ದೇ ಬೇರೆ ಇತ್ತು. ಚುರ್ ಚುರ್ ಎನ್ನುವ ಬದಲು ಧಪ್ ಧಪ್ ಎನ್ನುತ್ತಿತ್ತು. ಬೆರಳು ಅದ್ದಿ ತೆಗೆದರೆ ಬೆರಳಿನ ತುಂಬ ಹಾಲು ಅಂಟಿಕೊಂಡು ಬಂತು.

ನೊರೆ ಇಳಿದು ಹಾಲು ಆರಿದ ಮೇಲೆ ಅಲ್ಲೇ ಕುಳಿತು ಪೆಟ್ಟಿಗೆ ತೆರೆದೆ. ಮುಳ್ಳು ನಿನ್ನೆ ನಿಂತ ಜಾಗದಲ್ಲೇ ನಿಂತಿತು.

ನನ್ನ ಕಣ್ಣೆದುರಿಗೇ ಹಿಂಡಿದ ಹಾಲು. ಒಂದು ಹನಿ ನೀರೂ ಸೇರಿಲ್ಲ. ಆದರೂ ಮಂಕು. ಇಷ್ಟು ವರ್ಷ ದೀಪದ ಜೊತೆ ಬಾಳಿದ ನನಗೆ ಇದು ಅರ್ಥವೇ ಆಗಲಿಲ್ಲ.

"ಈಗೇನಂತಿ?" ಚಂಪವ್ವ ಕೇಳಿದಳು.

"ಗೊತ್ತಿಲ್ಲ, ಚಂಪಕ್ಕ. ಆದ್ರ ನೀರು ಅಲ್ಲ. ಇನ್ನೇನೋ ಐತಿ."

"ಇನ್ನೇನು ಅಂಬೂದು ನೀ ಹುಡುಕೂದ್ರಾಗ ನನಗ ಕಟ್ಟಿ ಬಂದ್ ಆಗಿರತೈತಿ," ಎಂದು ಅವಳು ಎಮ್ಮೆಯ ಹಗ್ಗ ಬಿಚ್ಚಲು ಹೋದಳು.

ನನ್ನ ಅಂಗಡಿಗೆ ಅಂಟಿಕೊಂಡೇ ದಾವಲಸಾಬರ ಮಿಠಾಯಿ ಅಂಗಡಿ. ಅಪ್ಪನ ಗೆಳೆಯರು, ನನಗೆ ಚಿಕ್ಕಂದಿನಿಂದ ದಾವಲ್ ಕಾಕಾ. ಬೆಳಗಿನ ಹಾಲನ್ನು ದೊಡ್ಡ ಬಾಣಲೆಯಲ್ಲಿ ಕಾಯಿಸಿ ಖವಾ ಮಾಡಿ, ಅದರಿಂದ ಪೇಡೆ ಕಟ್ಟುತ್ತಾರೆ. ಅವತ್ತು ಅವರ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದೆ. ಹಾಲು ಕುದಿದು, ತಗ್ಗಿ, ಬಾಣಲೆಯ ಅಂಚಿಗೆ ಉಂಗುರ ಉಂಗುರವಾಗಿ ಕೆನೆ ಬಿಡುತ್ತ ಗಟ್ಟಿಯಾಗುತ್ತಿತ್ತು. ಅರ್ಧದಷ್ಟು ಇಳಿದ ಹಾಲನ್ನು ಅವರು ಸೌಟಿನಲ್ಲಿ ಎತ್ತಿ ಸುರಿದಾಗ ಧಪ್ ಎಂದಿತು. ಬೆಳಿಗ್ಗೆ ಕೇಳಿದ ಸದ್ದು.

"ಕಾಕಾ, ಖವಾದಾಗ ದೀಪ ಹತ್ತತೈತೇನ?"

ಅವರು ಸೌಟು ಆಡಿಸುತ್ತಲೇ ನಕ್ಕರು. "ಬೆಂಕಿ ಹಾಲಿನ ಬೆಳಕು ತಿಂತೈತಿ ಅಂತ ನಮ್ಮಪ್ಪ ಹೇಳ್ತಿದ್ದ. ಅವರಪ್ಪನೂ ಹೇಳಿರಬೇಕು. ಹಚ್ಚಿ ನೋಡಿದವರು ಯಾರಂತ ಕೇಳಿದ್ರ, ಯಾರೂ ಇಲ್ಲ."

"ನೋಡೂಣೇನು?"

ಸೌಟು ನಿಂತಿತು. "ಪೆಟಿಗಿ ತಾ," ಅಂದರು.

ಮೊದಲ ದಿನದ ನಮ್ಮ ಪರೀಕ್ಷೆ ಹಾಳಾಯಿತು. ಬಾಣಲೆಯಿಂದ ಬಿಸಿ ಹಾಲು ತೆಗೆದು ತಂತಿ ಅದ್ದಿದರೆ ಮುಳ್ಳು ಎಗರಿ ಹೋಗುತ್ತಿತ್ತು. ಅದೇ ಹಾಲು ಆರುತ್ತ ಬಂದಂತೆ ಕೆಳಗಿಳಿಯುತ್ತಿತ್ತು. ಯಾವುದನ್ನು ನಂಬುವುದು? ಬಿಸಿ ಇದ್ದಾಗ ಎಲ್ಲ ಹಾಲಿಗೂ ಕಸುವು ಹೆಚ್ಚು ಎಂದು ತಿಳಿಯುವಷ್ಟರಲ್ಲಿ ಕಾಕಾನ ಒಂದು ಬಾಣಲೆ ಖವಾ ಸೀದು ಹೋಯಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸೀದ ವಾಸನಿಗೆ ಗಿರಾಕಿ ಓಡ್ತಾರ, ನಮಗೂ ಆರಾಮ ಆತು," ಎಂದು ಅಂಗಡಿಯ ಬಾಗಿಲು ಅರ್ಧ ಹಾಕಿ ಬಂದರು.

ಎರಡನೆಯ ದಿನ ಸರಿಯಾಗಿ ಮಾಡಿದೆವು. ಹಾಲು ಇಳಿಯುತ್ತ ಬಂದಂತೆ ಒಂದೊಂದು ಬಟ್ಟಲು ತೆಗೆದು, ಎಲ್ಲ ಬಟ್ಟಲುಗಳನ್ನೂ ಬಾವಿಯ ನೀರು ತುಂಬಿದ ಪರಾತದಲ್ಲಿ ಸಾಲಾಗಿ ಇಟ್ಟು ತಣಿಸಿದೆವು. ಎಲ್ಲವೂ ಒಂದೇ ಹದಕ್ಕೆ ತಣ್ಣಗಾದ ಮೇಲೆ ಮುಳ್ಳು ನೋಡಿದೆವು. ಪ್ರತಿ ಬಟ್ಟಲಿಗೂ ಮುಳ್ಳು ಎಲ್ಲಿಯವರೆಗೆ ಎದ್ದಿತೋ ಅಷ್ಟು ಎತ್ತರಕ್ಕೆ ಕಾಕಾ ಅಂಗಡಿಯ ಬಿಳಿ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರು.

ಹಸಿ ಹಾಲಿಗೆ ಒಂದು ಗೆರೆ. ಸ್ವಲ್ಪ ಇಳಿದ ಹಾಲಿಗೆ ಅದಕ್ಕಿಂತ ಎತ್ತರದ ಗೆರೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬೆಂಕಿ ಬೆಳಕು ತಿನ್ನುತ್ತದೆ ಅಂದವರು ಯಾರು? ಇನ್ನೂ ಇಳಿದ ಹಾಲಿಗೆ ಇನ್ನೂ ಎತ್ತರ. ಆಮೇಲೆ ಗೆರೆ ಅಲ್ಲೇ ನಿಂತಿತು. ಅದರಾಚೆಯ ಬಟ್ಟಲಿಗೆ ತಗ್ಗಿತು. ರಬಡಿಯಷ್ಟು ಗಟ್ಟಿಯಾದದ್ದಕ್ಕೆ ಮತ್ತೂ ತಗ್ಗಿತು. ಮೆತ್ತನೆಯ ಖವಾಕ್ಕೆ ಮುಳ್ಳು ನಿದ್ದೆಗಣ್ಣಲ್ಲಿ ಒಮ್ಮೆ ಅಲುಗಿತು. ಒಣ ಖವಾವನ್ನು ಪುಡಿ ಮಾಡಿ ಅದರಲ್ಲಿ ತಂತಿ ಹೂತರೆ ಏನೂ ಇಲ್ಲ.

"ಸತ್ತಿತು," ಅಂದರು ಕಾಕಾ.

"ಸತ್ತೈತೋ ಮಲಗೈತೋ ನೋಡೂಣ ತಡೀರಿ," ಎಂದು ನಾನು ಆ ಪುಡಿಯ ಮೇಲೆ ನೀರು ಚಿಮುಕಿಸಿದೆ. ಕಲಸಿದೆ. ಇನ್ನಷ್ಟು ಚಿಮುಕಿಸಿದೆ. ಪುಡಿ ಮುದ್ದೆಯಾಯಿತು, ಮುದ್ದೆ ಅಂಟಾಯಿತು, ಅಂಟು ತೆಳುವಾಯಿತು. ಮುಳ್ಳು ಒಂದು ಸಲ ನಡುಗಿ ಎದ್ದಿತು. ನೀರು ಹೆಚ್ಚಾದಂತೆ ಮೇಲೇರಿತು. ದಾವಲ್ ಕಾಕಾ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತು, ಅದು ಏನೋ ಹೇಳುತ್ತದೆ ಎಂಬಂತೆ ಕಿವಿ ಹತ್ತಿರ ತಂದಿದ್ದರು. ನೀರು ಹಾಕುತ್ತ ಹೋದರೆ ಮುಳ್ಳು ತುದಿಗೆ ಹೋಗಿ, ನಿಂತು, ಮತ್ತೆ ಇಳಿಯತೊಡಗಿತು. ಈಗ ಅದು ನಮಗೆಲ್ಲ ಗೊತ್ತಿದ್ದ ಮಂಕು, ನೀರುಹಾಲಿನ ಮಂಕು.

ಗೋಡೆಯ ಮೇಲಿನ ಗೆರೆಗಳು ಗುಡ್ಡದಂತೆ ಏರಿ ಇಳಿದಿದ್ದವು.

"ನಮ್ಮ ಓಣಿಯ ಸಂತಿ ಇದ್ದಂಗಾತಲ್ಲೋ ಮಾರಾಯಾ," ಅಂದರು ಕಾಕಾ, ಯಾರಿಗೋ ಹೇಳುವಂತೆ. "ಮಂದಿ ಕಡಿಮಿ ಇದ್ರ ಓಣಿ ಭಣಭಣ. ಹೆಚ್ಚಾದಂಗ ಗದ್ದಲ. ಆದ್ರ ಕಾಲಿಡಾಕ ಜಾಗಾ ಇಲ್ಲದಂಗ ತುಂಬಿದ್ರ? ಯಾರೂ ಮುಂದ ಹೋಗಂಗಿಲ್ಲ. ನಿಂತಲ್ಲೇ ನಿಲ್ಲಬೇಕು."

ನನಗೆ ಹೊಳೆದದ್ದು ಆಗ. ಮಂಕಿಗೆ ಎರಡು ಕಾರಣ: ನೀರು ಹೆಚ್ಚಾದರೂ ಮಂಕು, ಕಡಿಮೆಯಾದರೂ ಮಂಕು. ನವಿಲಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಚಂಪವ್ವನ ಹಾಲು ಅತಿ ಗಟ್ಟಿ, ಈ ಗೆರೆಗಳ ಗುಡ್ಡದ ಆಚೆಯ ಇಳಿಜಾರಿನಲ್ಲಿದೆ. ಅದನ್ನು ತೋರಿಸುವ ದಾರಿಯೂ ಒಂದೇ.

ಚಂಪವ್ವನಿಗೆ ಹೇಳಿದಾಗ ಅವಳು ಬುಟ್ಟಿ ಕೆಳಗಿಟ್ಟಳು.

"ಏನಂದಿ?"

"ಕಟ್ಟಿ ಮ್ಯಾಲೆ, ಎಲ್ಲಾರೂ ನೋಡೂ ಮುಂದ, ನಿನ್ನ ಹಾಲಿಗೆ ನೀರು ಹಾಕು."

"ನಾನು ಹಾಕ್ಲ್ಯಾ? ನನ್ನ ಕೈಲೆ?"

"ನೀರು ಹಾಕಿದ್ರ ಬೆಳಕು ಹೆಚ್ಚಾಗತೈತಿ. ನೀರು ಬೆರೆತ ಹಾಲಾಗಿದ್ರ ಕಡಿಮಿ ಆಗಬೇಕಾಗಿತ್ತು. ತಿಳೀತೇನ?"

"ತಿಳೀತು. ಅದಕ್ಕ ಕೇಳಾಕತ್ತೇನಿ, ಬ್ಯಾರೆ ದಾರಿ ಇಲ್ಲೇನ?" ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ಮಾಡಿಲ್ಲ ಅಂತ ತೋರಸಾಕ ಅದನ್ನ ಮಾಡಬೇಕು."

"ನಾನು ಹಾಕ್ತೀನಿ ಬೇಕಾದ್ರ."

"ಬ್ಯಾಡ. ನೀ ಹಾಕಿದ್ರ ನೀಲಾ ಏನೋ ಮಾಟ ಮಾಡಿದ್ಲು ಅಂತಾರ." ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬರುತ್ತೇನೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ಹೇಳಲಿಲ್ಲ.

ಬಂದಳು. ಕಟ್ಟೆಯ ಕೋಣೆ ತುಂಬಿತ್ತು. ಅವತ್ತೂ ಗರಿ ಕಾಣದಿದ್ದರೆ ಅವಳಿಗೆ ಕಟ್ಟೆ ಬಂದ್ ಎಂದು ಊರಿಗೆಲ್ಲ ಗೊತ್ತಿತ್ತು. ರಾಚಪ್ಪಜ್ಜ ನವಿಲಿನ ಎದುರು ಕಲ್ಲುಹಾಸಿನ ಮೇಲೆ ಕುಳಿತಿದ್ದರು. ನೆಟ್ಟಗೆ ಕೂರುವ, ಮೆಲ್ಲಗೆ ಮಾತಾಡುವ ಮನುಷ್ಯ, ಅನ್ಯಾಯ ಮಾಡುವವರಲ್ಲ. ಅದೇ ಕಷ್ಟ. ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ.

ಚಂಪವ್ವನ ಹಾಲನ್ನು ಭರಣಿಗೆ ಸುರಿದರು. ನವಿಲಿನ ಮೈ ಕಂಡಿತು, ಕೊಕ್ಕು ಕಂಡಿತು. ಗರಿಗಳ ಜಾಗದಲ್ಲಿ ಬರೀ ನೆರಳು.

"ಯವ್ವಾ ಚಂಪವ್ವಾ," ಎಂದು ರಾಚಪ್ಪಜ್ಜ ಶುರು ಮಾಡಿದರು.

"ಒಂದು ಗಳಿಗಿ ನಿಲ್ರಿ ಅಜ್ಜಾ," ಅಂದಳು ಅವಳು. ಸೆರಗಿನಡಿಯಿಂದ ಒಂದು ಚರಿಗೆ ತೆಗೆದಳು. "ಇದು ಕಟ್ಟಿ ಬಾವಿ ನೀರು. ಈಗ ಸೇದಿದ್ದು. ಎಲ್ಲಾರೂ ನೋಡ್ರಿ. ನಾನು ಚಂಪವ್ವ, ನನ್ನ ಹಾಲಿಗೆ ನೀರು ಹಾಕಾಕ ಹತ್ತೇನಿ."

ಕೋಣೆಯಲ್ಲಿ ಗುಸುಗುಸು ಎದ್ದಿತು. "ಹುಚ್ಚು ಹಿಡೀತೇನ ಇಕಿಗೆ," ಎಂದು ಯಾರೋ ಅಂದರು. ಚರಿಗೆಯ ಬಾಯಿ ಭರಣಿಯ ಅಂಚಿಗೆ ತಾಗಿ ಕಟಕಟ ಸದ್ದಾಯಿತು. ನೀರು ಬಿತ್ತು. ಅವಳು ಮುಖ ತಿರುಗಿಸಿಕೊಂಡಿದ್ದಳು. ನಾನು ಭರಣಿಯೊಳಗೆ ಕಡ್ಡಿ ಆಡಿಸಿದೆ.

ನವಿಲಿಗೆ ಗರಿ ಬಂತು. ಮೊದಲು ನಡುವಿನವು, ಆಮೇಲೆ ಅಂಚಿನವು, ಆಮೇಲೆ ಒಂದೊಂದು ಗರಿಯ ತುದಿಯ ಕಣ್ಣು. ಎಲ್ಲರ ಮುಖಗಳೂ ಒಂದಕ್ಕೊಂದು ಕಾಣುವಷ್ಟು ಬೆಳಕಾಯಿತು. ಚಂಪವ್ವ ಒಬ್ಬಳೇ ಅದನ್ನು ನೋಡಲಿಲ್ಲ. "ಆತೇನ?" ಎಂದು ಗೋಡೆಯ ಕಡೆ ತಿರುಗಿಕೊಂಡೇ ಕೇಳಿದಳು. "ಆತು ಚಂಪಕ್ಕ, ಈ ಕಡೆ ತಿರುಗು," ಅಂದೆ.

ನಾನು ನನಗೆ ತಿಳಿದಷ್ಟನ್ನು ಹೇಳಿದೆ. ದಾವಲ್ ಕಾಕಾ ಓಣಿಯ ಸಂತೆಯ ಮಾತು ಹೇಳಿದಾಗ ಜನ ನಕ್ಕರು, ಆದರೆ ತಲೆಯಾಡಿಸಿದರು. "ಹಂಗಾರ ನಾಳಿಂದ ಎಲ್ಲಾರೂ ಚರಿಗಿ ಹಿಡ್ಕೊಂಡ ಬರ್ತಾರ ಬಿಡು," ಎಂದು ಒಬ್ಬ ಹಿಂದಿನಿಂದ ಕೂಗಿದ. ಅವನದೇ ಹಾಲಿಗೆ ಅಷ್ಟೇ ನೀರು ಹಾಕಿ ತೋರಿಸಿದೆ. ಗರಿ ಮಾಯವಾದವು.

ರಾಚಪ್ಪಜ್ಜ ಎದ್ದು ನವಿಲಿನ ಗರಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕೊನೆಗೆ, "ಈ ಕ್ಯಾನು ಬಾನಿಗೆ ಸುರೀಬ್ಯಾಡ್ರಿ," ಎಂದರು. ಚಂಪವ್ವನಿಗೆ ಅವರಿಂದ ಸಿಕ್ಕ ಮಾತು ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿದರು. "ತಂಗೀ, ಮಂಕು ಹಾಲಿನ ಕತಿ ಹೇಳಿದಿ. ಭಾಳ ಬೆಳಗೂ ಹಾಲಿನ ಕತಿ ಏನು? ನಮ್ಮ ಮಲ್ಲಿಗೀದು?" ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಗೊತ್ತಿಲ್ರಿ ಅಜ್ಜಾ. ಒಂದು ಲೋಟಾ ಕೊಡ್ತೀರೇನು? ನೋಡ್ತೀನಿ."

ಕೊಟ್ಟರು. ನಾನದನ್ನು ಕಾಕಾನ ಅಂಗಡಿಗೆ ತಂದು, ಅದೇ ಬಾವಿ ನೀರಲ್ಲಿ ತಣಿಸಿ, ತಂತಿ ಅದ್ದಿದೆ. ಮುಳ್ಳು ಗೋಡೆಯ ಮೇಲಿನ ಗುಡ್ಡದ ತುದಿಯನ್ನೂ ದಾಟಿ ಪೆಟ್ಟಿಗೆಯ ಅಂಚಿಗೆ ಬಡಿದು ನಿಂತಿತು. ನಾನು ಬೇರೆ ಬೇರೆ ಮನೆಗಳ ಹಾಲು ತಂದು, ಒಂದನ್ನು ಕುದಿಸಿ ಇಳಿಸಿ, ಇನ್ನೊಂದಕ್ಕೆ ನೀರು ಕೂಡಿಸಿ ನೋಡಿದೆ. ಯಾವ ಹಾಲನ್ನು ಯಾವ ಹದಕ್ಕೆ ತಂದರೂ ಅಷ್ಟು ಎತ್ತರ ಏರಲಿಲ್ಲ. ಅಂದಮೇಲೆ ಮಲ್ಲಿಗಿಯ ಹಾಲಿನಲ್ಲಿ ನೀರು ಹೆಚ್ಚು ಕಡಿಮೆ ಇರುವ ಮಾತಲ್ಲ. ಇರಬಾರದ್ದು ಇನ್ನೇನೋ ಇದೆ.

"ಕುಡದು ನೋಡೀಯೇನ?" ಕಾಕಾ ಕೇಳಿದರು.

ಎಂಥ ಸರಳ ಪ್ರಶ್ನೆ. ಗೋಪುರಕ್ಕೆ ಮೀಸಲಾದ ಹಾಲನ್ನು ಯಾರು ಕುಡಿಯುತ್ತಾರೆ? ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಉಪ್ಪು.

ಲೋಟ ಹಿಡಿದುಕೊಂಡು ಚಂಪವ್ವನ ಮನೆಗೆ ಓಡಿದೆ. ಅವಳು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದಳು. "ಕೆಚ್ಚಲ ಬಾವು," ಅಂದಳು. "ಕೆಚ್ಚಲಕ್ಕ ರೋಗ ಬಂದ್ರ ಹಾಲು ಉಪ್ಪಾಗತೈತಿ. ಆ ಉಪ್ಪೇ ಬೆಳಗಾಕತ್ತೈತಿ. ನಡಿ, ದನ ತ್ರಾಸ ಪಡಾಕತ್ತಿರತೈತಿ."

"ಅವರ ಮನಿಗೆ ಬರ್ತೀಯೇನ?" ಎಂದು ಕೇಳಿಯೇಬಿಟ್ಟೆ.

"ಅಜ್ಜನ ಮ್ಯಾಲಿನ ಸಿಟ್ಟು ಹಸುವಿನ ಮ್ಯಾಲ ಯಾಕ?"

ರಾಚಪ್ಪಜ್ಜನ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಮಲ್ಲಿಗಿ ಒಂದು ಕಾಲನ್ನು ಹಗುರಾಗಿ ಊರಿ ನಿಂತಿತ್ತು. ನಾನು ಹೇಳಿದ್ದನ್ನು ಕೇಳಿ ಅಜ್ಜನ ಮುಖ ಕೆಂಪಗಾಯಿತು. "ಊರಿಗೆ ಬೆಳಕು ಕೊಡೋ ಹಸುವಿಗೆ ರೋಗ ಅಂತೀಯೇನ?" ಎಂದು ಕೋಲು ನೆಲಕ್ಕೆ ಕುಟ್ಟಿದರು. ಚಂಪವ್ವ ನೇರ ಮಲ್ಲಿಗಿಯ ಹತ್ತಿರ ಹೋದಳು. ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಅದರ ಹೊಟ್ಟೆಗೆ ಹಣೆ ಒತ್ತಿ, ಕೆಚ್ಚಲು ಮುಟ್ಟಿದಳು. ಹಸು ಕಾಲೆತ್ತಿತು. "ಹೋ, ಹೋ, ನನ್ನವ್ವಾ," ಅಂದಳು. ಆಮೇಲೆ ಅಜ್ಜನ ಕೈ ಹಿಡಿದು ಎಳೆದು ಕೂರಿಸಿ, ಅವರ ಬೆರಳುಗಳನ್ನು ಕೆಚ್ಚಲಿನ ಹಿಂಭಾಗಕ್ಕೆ ಒತ್ತಿದಳು. ಅಲ್ಲಿ ಬಿಸಿ ಇತ್ತು, ಕಲ್ಲಿನಂಥ ಗಂಟಿತ್ತು. ತನ್ನ ಕಪ್ಪು ಸೆರಗಿನ ಮೇಲೆ ಮೊದಲ ಧಾರೆ ಹಿಂಡಿ ತೋರಿಸಿದಳು. ಹಾಲಿನೊಳಗೆ ಮೊಸರಿನ ಚೂರುಗಳಂಥ ಕಣಗಳಿದ್ದವು.

ಅಜ್ಜ ಕೋಲು ಕೆಳಗೆ ಹಾಕಿದರು. "ಎಷ್ಟು ದಿನದಿಂದ..." ಎಂದರು.

"ಅಕ್ಕಾರ." ಹಿತ್ತಲ ಬಾಗಿಲಲ್ಲಿ ಅವರ ಸೊಸೆ ಕಸ್ತೂರಿ ನಿಂತಿದ್ದಳು. ಹೆಗಲ ಮೇಲೆ ಕೂಸು. ಬಾಣಂತನ ಮುಗಿದು ಹೆಚ್ಚು ದಿನವಾಗಿರಲಿಲ್ಲ. "ಆ ಹಾಲಿಗೆ ಏನಾಗೇತ್ರಿ? ಕೂಸಿಗೆ ಅದನ್ನ ಕುಡಸಾಕತ್ತೀವಲ್ರಿ."

ಆ ಮನೆಯಲ್ಲಿ ಆ ಹಾಲು ಕುಡಿಯುತ್ತಿದ್ದದ್ದು ಒಂದೇ ಒಂದು ಜೀವ, ರುಚಿ ಹೇಗಿದೆ ಎಂದು ಹೇಳಲು ಬಾರದ ಜೀವ. ಕೂಸು ಒಣಗಿದ ಬಳ್ಳಿಯಂತೆ ಅವಳ ಹೆಗಲ ಮೇಲೆ ಜೋತುಬಿದ್ದಿತ್ತು. ಅತ್ತೂ ಅತ್ತೂ ಸಾಕಾದ ದನಿಯಲ್ಲಿ ಕುಂಯ್ ಎನ್ನುತ್ತಿತ್ತು.

"ನಿನ್ನ ಹಾಲು ಇಲ್ಲೇನ ತಂಗಿ?" ಚಂಪವ್ವ ಕೇಳಿದಳು.

ಕಸ್ತೂರಿ ತಲೆ ತಗ್ಗಿಸಿದಳು. "ಐತ್ರಿ. ಆದ್ರ ಕಸುವಿಲ್ಲ. ಕೂಸು ಒಮ್ಮೆ ಭಾಳ ಅತ್ತಾಗ ಬಟ್ಟಲಕ್ಕ ಹಿಂಡಿ ದೀಪಕ್ಕ ಹಾಕಿ ನೋಡಿದೆ. ಹತ್ತಲೇ ಇಲ್ಲ. ಇಂಥಾ ಕತ್ತಲಿ ಹಾಲು ಕೂಸಿಗೆ ಹೆಂಗ ಕುಡಸಲಿ ಅಂತ ಬಿಟ್ಟೆ. ಕಟ್ಟಿಕೊಂಡ ಹಾಲನ್ನ ಬೂದಿಗೆ ಹಿಂಡಿ ಚೆಲ್ಲಾಕತ್ತೇನಿ."

"ಬಿಡು ಅಂತ ಹೇಳಿದಾವ ನಾನ," ಅಂದರು ರಾಚಪ್ಪಜ್ಜ. ಅವರ ಮೆಲುದನಿ ಇನ್ನೂ ಮೆಲ್ಲಗಾಗಿತ್ತು. "ಮೊಮ್ಮಗ ಗೋಪುರದ ಹಾಲು ಕುಡೀಲಿ ಅಂದಾವ ನಾನ."

ನಾನು ಅಂಗಡಿಗೆ ಹೋಗಿ ಪೆಟ್ಟಿಗೆ ತಂದೆ. ಕಸ್ತೂರಿ ಒಳಗೆ ಹೋಗಿ ಚಿಕ್ಕ ಬಟ್ಟಲಲ್ಲಿ ತನ್ನ ಹಾಲು ತಂದುಕೊಟ್ಟಳು. ತಂತಿ ಅದ್ದಿದೆ. ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು ಅಲುಗಿತು. ಚಂಪವ್ವನ ಎಮ್ಮೆಗಿಂತ ಕೆಳಗೆ, ಎಲ್ಲ ಹಾಲಿಗಿಂತ ಕೆಳಗೆ. ಕಸ್ತೂರಿಯ ಕಣ್ಣಲ್ಲಿ ನೀರು ತುಂಬಿತು. ನಾನು ಅದಕ್ಕೆ ಒಂದಿಷ್ಟು ನೀರು ಹಾಕಿ ನೋಡಬೇಕೆಂದಿದ್ದೆ, ಇಳಿಸಿ ನೋಡಬೇಕೆಂದಿದ್ದೆ. ಗುಡ್ಡದ ಯಾವ ಕಡೆಯ ಇಳಿಜಾರು ಇದು ಎಂಬ ಕುತೂಹಲ ಆ ಹೊತ್ತಿನಲ್ಲೂ ನನ್ನನ್ನು ಬಿಟ್ಟಿರಲಿಲ್ಲ. ಆದರೆ ಚಂಪವ್ವ ಬಟ್ಟಲಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು.

"ಸಕ್ಕರಿ," ಅಂದಳು. "ನೀಲಾ, ನೋಡ."

ನೋಡಿದೆ. ಎಷ್ಟು ಸಿಹಿ ಇತ್ತೆಂದರೆ, ನಾನು ಇನ್ನೊಮ್ಮೆ ಬೆರಳದ್ದಿದೆ. ಅಷ್ಟು ಸಿಹಿಯನ್ನು ಯಾವ ಹಸುವಿನ ಹಾಲಿನಲ್ಲೂ ನಾನು ಕಂಡಿರಲಿಲ್ಲ. ಕಸ್ತೂರಿಯ ಅಡಿಗೆಮನೆಯಿಂದ ಒಂದು ಲೋಟ ನೀರು ತರಿಸಿ, ಸಕ್ಕರೆ ಕಲಸಿ ತಂತಿ ಅದ್ದಿದೆ. ಮುಳ್ಳು ಏಳಲಿಲ್ಲ. ಇನ್ನಷ್ಟು ಸಕ್ಕರೆ, ಊಹೂಂ. ಒಂದು ಚಿಟಿಕೆ ಉಪ್ಪು ಹಾಕಿದೆ. ಮುಳ್ಳು ಹಾರಿತು.

"ಕಸ್ತೂರೀ," ಅಂದೆ, "ಇಲ್ಲಿ ನೋಡವ್ವಾ. ಈ ಪೆಟಿಗಿಗೆ ಉಪ್ಪು ತಿಳೀತೈತಿ, ನೀರು ತಿಳೀತೈತಿ. ಸಿಹಿ ಇದಕ್ಕ ತಿಳಿಯಂಗಿಲ್ಲ. ದೀಪಕ್ಕೂ ತಿಳಿಯಂಗಿಲ್ಲ, ನವಿಲಿಗೂ ತಿಳಿಯಂಗಿಲ್ಲ. ನಿನ್ನ ಹಾಲಿನಾಗ ಉಪ್ಪು ಕಡಿಮಿ, ಸಿಹಿ ಭಾಳ. ಅಷ್ಟ. ಕಸುವು ಇಲ್ಲ ಅಂತ ಅಲ್ಲ."

ಅವಳು ಮಾವನ ಮುಖ ನೋಡಿದಳು. ರಾಚಪ್ಪಜ್ಜ ಎದ್ದು, ಹಟ್ಟಿಯ ಗೋಡೆಯ ಕಡೆ ತಿರುಗಿ ನಿಂತುಕೊಂಡರು. "ಕುಡಸವ್ವಾ," ಅಂದರು. ಅವಳು ಬೇವಿನ ಬುಡದಲ್ಲಿ ಕುಳಿತು ಸೆರಗು ಮುಚ್ಚಿಕೊಂಡಳು. ಬಿಟ್ಟು ಬಹಳ ದಿನವಾಗಿದ್ದರಿಂದ ಕೂಸು ಮೊದಲು ಮುಖ ತಿರುಗಿಸಿತು, ಅತ್ತಿತು. ಚಂಪವ್ವ ಪಕ್ಕದಲ್ಲಿ ಕುಳಿತು ಅದರ ಕೆನ್ನೆ ಸವರಿ ಸವರಿ ದಾರಿ ತೋರಿಸಿದಳು. ಕೊನೆಗೆ ಅಳು ನಿಂತಿತು. ಗುಟುಕರಿಸುವ ಸದ್ದು ಕೇಳಿಸಿತು.

ಆ ಸಂಜೆ ಗೋಪುರದ ದೀಪ ಹತ್ತಲಿಲ್ಲ. ಜನ ಕಟ್ಟೆಯ ಹತ್ತಿರ ಸೇರಿದಾಗ ರಾಚಪ್ಪಜ್ಜ ತಾವೇ ನಿಂತು, ಹಸುವಿನದು, ಕೂಸಿನದು, ಸೊಸೆಗೆ ತಾವು ಹೇಳಿದ್ದು, ಒಂದನ್ನೂ ಬಿಡದೆ ಹೇಳಿದರು. ಚಂಪವ್ವ ಬೆಳಿಗ್ಗೆ ಸಂಜೆ ಅವರ ಹಿತ್ತಲಿಗೆ ಹೋಗಿ, ಬಾತ ಕೆಚ್ಚಲಿಗೆ ಬಿಸಿನೀರಿನ ಶಾಖ ಕೊಟ್ಟು, ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ಗುಂಡಿಗೆ ಚೆಲ್ಲಿ, ಅರಿಶಿನ ಹಚ್ಚಿದಳು. ಗುಡ್ಡದಾಚೆಯಿಂದ ಅವಳ ಅಣ್ಣ ಬಂದು ಮದ್ದು ಕುಡಿಸಿದ. ಮಲ್ಲಿಗಿ ಚೇತರಿಸಿಕೊಂಡಿತು, ಹಾಲು ಊರಿನ ಬೇರೆ ಹಸುಗಳ ಹಾಲಿನಂತೆಯೇ ಆಯಿತು. ಈಗ ಗೋಪುರಕ್ಕೆ ದಿನಕ್ಕೊಂದು ಮನೆಯ ಹಾಲು. ಮುಂಚಿನಷ್ಟು ಬೆಳಕಿಲ್ಲ, ಸಂಜೆ ಹೊತ್ತು ಜನ ಸ್ವಲ್ಪ ನಿಧಾನಕ್ಕೆ ನಡೆಯುತ್ತಾರೆ. ಕಟ್ಟೆಯಲ್ಲಿ ನವಿಲು ಇದ್ದೇ ಇದೆ. ಆದರೆ ರಾಚಪ್ಪಜ್ಜ ದೀಪ ಹಚ್ಚುವ ಮುಂಚೆ ಪ್ರತಿಯೊಬ್ಬರ ಹಾಲನ್ನೂ ಒಂದು ಚಮಚ ಕುಡಿಯುತ್ತಾರೆ. ಗರಿ ಕಾಣದಿದ್ದರೆ ಚರಿಗೆ ತರಿಸುತ್ತಾರೆ. ಚಂಪವ್ವ ಮಾತ್ರ ಕಟ್ಟೆಗೆ ಮತ್ತೆ ಹಾಲು ತರಲಿಲ್ಲ. "ಒಮ್ಮೆ ನೀರು ಹಾಕೇನಿ, ಸಾಕು," ಎಂದು ಎಲ್ಲ ಹಾಲನ್ನೂ ದಾವಲ್ ಕಾಕಾನ ಬಾಣಲೆಗೆ ಕೊಡುತ್ತಾಳೆ. ಅದು ಬೇಗ ಖವಾ ಆಗುತ್ತದೆ, ಕಟ್ಟಿಗೆ ಉಳಿಯುತ್ತದೆ ಎಂದು ಕಾಕಾ ಖುಷಿಯಾಗಿದ್ದಾರೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಕಸ್ತೂರಿ ನನ್ನ ಅಂಗಡಿಗೆ ಬಂದಳು. ಸೊಂಟದ ಮೇಲಿನ ಕೂಸು ಎರಡೂ ಕೈಗಳಿಂದ ಅವಳ ಕೂದಲು ಎಳೆಯುತ್ತಿತ್ತು. ಅದರ ಭಾರಕ್ಕೆ ಅವಳು ಒಂದು ಕಡೆ ವಾಲಿದ್ದಳು. ಸೆರಗಿನ ಮರೆಯಿಂದ ಚಿಕ್ಕ ಬಟ್ಟಲು ತೆಗೆದು ಹಲಗೆಯ ಮೇಲಿಟ್ಟಳು.

"ಅಕ್ಕಾರ, ಇನ್ನೊಮ್ಮೆ ನೋಡ್ರಿ. ಈಗಾದ್ರೂ ಬೆಳಗತೈತೇನು."

ತಂತಿ ಅದ್ದಿದೆ. ಅವಳು ಬಗ್ಗಿ ನೋಡಿದಳು, ಕೂಸೂ ಬಗ್ಗಿತು. ಮುಳ್ಳು ಅವತ್ತು ನಿಂತಲ್ಲೇ, ಕೂದಲೆಳೆಯಷ್ಟೂ ಮೇಲೇರದೆ ನಿಂತಿತ್ತು.

"ಅಯ್ಯ, ಇನ್ನೂ ಅಷ್ಟ ಐತಲ್ರೀ!" ಎಂದು ಕಸ್ತೂರಿ ಜೋರಾಗಿ ನಕ್ಕಳು. ಕೂಸು ಅವಳ ನಗು ಕೇಳಿ ತಾನೂ ನಕ್ಕು, ಬಟ್ಟಲಿಗೆ ಕೈ ಹಾಕಿ ಹಾಲನ್ನೆಲ್ಲ ಹಲಗೆಯ ಮೇಲೆ ಚೆಲ್ಲಿಬಿಟ್ಟಿತು.